ಬ್ಯಾಟೂ ಅವರದೇ, ಮೈದಾನವೂ ಅವರದೇ

ಇಂಡಿಯಾನಾದಲ್ಲಿ ಮಾಸ್ಟರ್ಸ್ ಓದುವಾಗ, ಮೇ ತಿಂಗಳು ಬಂತೆಂದರೆ ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಇಂಡಿ 500. ಚಕ್ರಗಳು ಬಾಡಿಯಿಂದ ಹೊರಗೇ ಇರುವ ಆ ಕಾರುಗಳು 200 ಸುತ್ತು, 500 ಮೈಲಿ ಓಡುತ್ತವೆ. ನಾನು ಮೊದಲ ದಿನದಿಂದಲೇ ಟೀಮ್ ಪೆನ್ಸ್ಕಿ ಅಭಿಮಾನಿ. ಎಂಜಿನಿಯರಿಂಗ್ ಓದಿದವರಿಗೆ ಆ ತಂಡ ಇಷ್ಟವಾಗದೆ ಇರೋದು ಕಷ್ಟ. ಆದ್ದರಿಂದ ಇದನ್ನು ಅಭಿಮಾನಿಯೊಬ್ಬನ ತಕರಾರು ಅಂತಲೇ ಓದಿಕೊಳ್ಳಿ.

ರಾಜರ್ ಪೆನ್ಸ್ಕಿ ಸ್ವತಃ ರೇಸರ್ ಆಗಿದ್ದವರು. 1966ರಲ್ಲಿ ತಂಡ ಕಟ್ಟಿದರು. ಅವರ ಡ್ರೈವರ್ ಮಾರ್ಕ್ ಡೊನಹ್ಯೂ ಎಂಜಿನಿಯರಿಂಗ್ ಪದವೀಧರ. 1972ರಲ್ಲಿ ತಂಡಕ್ಕೆ ಮೊದಲ ಇಂಡಿ 500 ಗೆದ್ದುಕೊಟ್ಟರು. ಅವರ ಆತ್ಮಕಥೆಯ ಹೆಸರೇ 'ದಿ ಅನ್‌ಫೇರ್ ಅಡ್ವಾಂಟೇಜ್'. ಅನ್‌ಫೇರ್ ಅಂದರೆ ಇಲ್ಲಿ ಮೋಸ ಅಲ್ಲ. ನಿಯಮದ ಪುಸ್ತಕವನ್ನು ಎದುರಾಳಿಗಿಂತ ಒಂದು ಸಲ ಹೆಚ್ಚು ಓದು, ಸಂದು ಸಿಕ್ಕರೆ ಒಳಗೆ ನುಗ್ಗು, ಅಷ್ಟೇ. 1975ರಲ್ಲಿ ಆಸ್ಟ್ರಿಯಾದ ಫಾರ್ಮುಲಾ ಒನ್ ಅಭ್ಯಾಸದಲ್ಲಿ ಆದ ಅಪಘಾತದಿಂದ ಡೊನಹ್ಯೂ ತೀರಿಕೊಂಡರು. ಮರುವರ್ಷ ಅದೇ ಟ್ರ್ಯಾಕಿನಲ್ಲಿ ಜಾನ್ ವಾಟ್ಸನ್ ಪೆನ್ಸ್ಕಿ ಕಾರಿನಲ್ಲಿ ಗೆದ್ದರು. ಫಾರ್ಮುಲಾ ಒನ್‌ನಲ್ಲಿ ತಂಡಕ್ಕೆ ಸಿಕ್ಕಿದ್ದು ಅದೊಂದೇ ಗೆಲುವು. ಆ ವರ್ಷದ ಕೊನೆಗೆ ಪೆನ್ಸ್ಕಿ ಅಲ್ಲಿಂದ ಹೊರಬಂದರು.

ಈ ತಂಡದ ಬುದ್ಧಿವಂತಿಕೆ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳೋದು 1994ರ ಕಥೆ. ಆಗ ಇಂಡಿ 500ಕ್ಕೆ ನಿಯಮ ಮಾಡುತ್ತಿದ್ದದ್ದು ಯುಸಾಕ್ ಎಂಬ ಸಂಸ್ಥೆ. ಹಳೇ ಮಾದರಿಯ ಪುಶ್‌ರಾಡ್ ಎಂಜಿನ್ ತರುವವರಿಗೆ ಅದು ದೊಡ್ಡ ಎಂಜಿನ್ ಗಾತ್ರ ಮತ್ತು ಹೆಚ್ಚಿನ ಟರ್ಬೊ ಒತ್ತಡದ ರಿಯಾಯಿತಿ ಕೊಟ್ಟಿತ್ತು: ಉಳಿದವರಿಗೆ 45 ಇಂಚು, ಇವರಿಗೆ 55. ಕಡಿಮೆ ಖರ್ಚಿನಲ್ಲಿ ಎಂಜಿನ್ ಮಾಡುವವರಿಗೆ ಸಹಾಯ ಆಗಲಿ ಅನ್ನೋದು ಉದ್ದೇಶ. ಪೆನ್ಸ್ಕಿ ಮತ್ತು ಇಂಗ್ಲೆಂಡಿನ ಇಲ್ಮೋರ್ ಸೇರಿ, ಆ ಒಂದೇ ರೇಸ್‌ಗೋಸ್ಕರ, ಯಾರಿಗೂ ಸುಳಿವು ಕೊಡದೆ ಹೊಚ್ಚ ಹೊಸ ಪುಶ್‌ರಾಡ್ ಎಂಜಿನ್ ಮಾಡಿದರು. ಹೆಸರು ಮರ್ಸಿಡಿಸ್‌ದು. ಅಲ್ ಅನ್ಸರ್ ಜೂನಿಯರ್ ಗೆದ್ದರು. ನಿಯಮದ ಆಶಯ ಮುರಿಯಿತು, ನಿಯಮ ಮುರಿಯಲಿಲ್ಲ. ಯುಸಾಕ್ ಕೂಡಲೇ ಒತ್ತಡದ ಮಿತಿ ಇಳಿಸಿತು, ಎಂಜಿನ್ ಮೂಲೆ ಸೇರಿತು. 1995ರಲ್ಲಿ ಅನ್ಸರ್ ಮತ್ತು ಫಿಟ್ಟಿಪಾಲ್ಡಿ ಇಬ್ಬರೂ ಅರ್ಹತೆಯನ್ನೇ ಪಡೆಯದೆ ಮನೆಗೆ ಹೋದರು! ನನಗೆ ಈ ಎರಡು ವರ್ಷಗಳು ಒಟ್ಟಿಗೇ ಇಷ್ಟ. ಒಂದು ಕಡೆ ಆಟಗಾರ, ಇನ್ನೊಂದು ಕಡೆ ಅಂಪೈರ್, ಇಬ್ಬರಿಗೂ ಅವರವರ ಸರದಿ.

2019ರ ನವೆಂಬರ್‌ನಲ್ಲಿ ಇದು ಬದಲಾಯಿತು. 1945ರಿಂದ ಹಲ್ಮನ್ ಕುಟುಂಬದ ಕೈಯಲ್ಲಿದ್ದ ಇಂಡಿಯಾನಾಪೊಲಿಸ್ ಟ್ರ್ಯಾಕನ್ನು, ಜೊತೆಗೆ ಇಡೀ ಇಂಡಿಕಾರ್ ಸರಣಿಯನ್ನು, ಪೆನ್ಸ್ಕಿ ಖರೀದಿಸುವುದಾಗಿ ಪ್ರಕಟಿಸಿದರು. ಟ್ರ್ಯಾಕಿಗೆ ಅವರು ಒಳ್ಳೆಯದನ್ನೇ ಮಾಡಿದ್ದಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಮ್ಮ ಗಲ್ಲಿ ಕ್ರಿಕೆಟ್ ನೆನಪಿಸಿಕೊಳ್ಳಿ. ಬ್ಯಾಟ್ ತಂದ ಹುಡುಗ ಔಟಾದಾಗ ಯಾರಿಗೆ ಬೆರಳೆತ್ತುವ ಧೈರ್ಯ?

2024ರ ಏಪ್ರಿಲ್‌ನಲ್ಲಿ ಲಾಂಗ್ ಬೀಚ್. ಭಾನುವಾರ ಬೆಳಗಿನ ವಾರ್ಮ್ ಅಪ್‌ನಲ್ಲಿ 'ಪುಶ್ ಟು ಪಾಸ್', ಅಂದರೆ ಬಟನ್ ಒತ್ತಿದರೆ ಕೆಲವು ಸೆಕೆಂಡ್ ಹೆಚ್ಚುವರಿ ಶಕ್ತಿ ಕೊಡುವ ವ್ಯವಸ್ಥೆ, ತಾಂತ್ರಿಕ ತೊಂದರೆಯಿಂದ ಯಾರಿಗೂ ಕೆಲಸ ಮಾಡಲಿಲ್ಲ. ಮೂರು ಕಾರುಗಳಲ್ಲಿ ಮಾತ್ರ ಮಾಡಿತು. ಮೂರೂ ಪೆನ್ಸ್ಕಿಯವು. ಕೆದಕಿದಾಗ ಗೊತ್ತಾಗಿದ್ದು, ಸೀಸನ್ನಿನ ಮೊದಲ ರೇಸ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಬಟನ್ ನಿಷಿದ್ಧವಾದ ರೀಸ್ಟಾರ್ಟ್ ಹೊತ್ತಿನಲ್ಲೂ ಅದು ಬಳಕೆಯಾಗಿತ್ತು. ಗೆದ್ದಿದ್ದ ಜೋಸೆಫ್ ನ್ಯೂಗಾರ್ಡನ್, ಮೂರನೇ ಸ್ಥಾನದ ಸ್ಕಾಟ್ ಮೆಕ್ಲಾಕ್ಲಿನ್ ಅನರ್ಹರಾದರು.

ತಂಡ ಕೊಟ್ಟ ಕಾರಣ: ಹಿಂದಿನ ವರ್ಷ ಹೈಬ್ರಿಡ್ ಪರೀಕ್ಷೆಗೆ ಬಳಸಿದ್ದ ಕೋಡ್ ತಪ್ಪಾಗಿ ರೇಸ್ ಕಾರಿಗೆ ಬಂತು. ನೋಡಿ, ಡೇಟಾ ಕೆಲಸ ಮಾಡೋ ನಾನು ಇದನ್ನು ನಂಬಬಲ್ಲೆ. ಟೆಸ್ಟ್ ಸೆಟ್ಟಿಂಗ್ ಪ್ರೊಡಕ್ಷನ್‌ಗೆ ಹೋಗೋದು ನಮ್ಮಲ್ಲೂ ಆಗುತ್ತೆ, ನಾನೂ ಮಾಡಿದ್ದೀನಿ. ಆದರೆ ನ್ಯೂಗಾರ್ಡನ್ ಕಣ್ಣೀರು ಹಾಕುತ್ತಾ ಹೇಳಿದ್ದು ಬೇರೆ: ನಿಯಮವೇ ಬದಲಾಗಿದೆ ಅಂತ ನಂಬಿದ್ದೆ. ಎರಡೂ ನಿಜವೇ ಇರಬಹುದು. ಹಾಗಿದ್ದರೆ ಪ್ರತಿ ಸೆಕೆಂಡಿನ ಡೇಟಾ ನೋಡುವ ತಂಡದಲ್ಲಿ, ಆರು ವಾರ, ಒಬ್ಬರಿಗೂ ಆ ಗ್ರಾಫ್ ವಿಚಿತ್ರ ಅನ್ನಿಸಲಿಲ್ಲವೇ? ನನಗೆ ಇವತ್ತಿಗೂ ಜೀರ್ಣವಾಗದ್ದು ಇದು.

ಮುಂದಿನ ವರ್ಷ ಕೋಡ್ ಅನ್ನುವ ನೆಪವೂ ಇರಲಿಲ್ಲ. ಅರ್ಹತಾ ಸುತ್ತಿನ ದಿನ ನ್ಯೂಗಾರ್ಡನ್ ಮತ್ತು ವಿಲ್ ಪವರ್ ಕಾರುಗಳ ಹಿಂಭಾಗದಲ್ಲಿ, ಡಿಕ್ಕಿಯ ಹೊಡೆತ ತಡೆಯುವ ಭಾಗದ ಸಂದು ತುಂಬಿ ನಯ ಮಾಡಿದ್ದು ಸಿಕ್ಕಿತು. ಯಾರೂ ಮುಟ್ಟಬಾರದ ಭಾಗ ಅದು. ಇಬ್ಬರನ್ನೂ ಕೊನೆಯ ಸಾಲಿಗೆ ತಳ್ಳಿದರು, ಕಾರಿಗೆ 1,00,000 ಡಾಲರ್ ದಂಡ. 2024ರಲ್ಲಿ ಗೆದ್ದ ಕಾರಿನ ಫೋಟೋಗಳಲ್ಲೂ ಅದೇ ನಯವಾದ ಅಂಚು ಕಂಡಿತು. ಅದು ತಂಡದ 20ನೇ ಇಂಡಿ 500 ಗೆಲುವು. ಪೆನ್ಸ್ಕಿ ತಂಡದ ಅಧ್ಯಕ್ಷ ಟಿಮ್ ಸಿಂಡ್ರಿಕ್ ಸೇರಿ ಮೂವರನ್ನು ಕೆಲಸದಿಂದ ತೆಗೆದರು.

ಇಲ್ಲೇ ಇರೋದು ಗಂಟು. ದಂಡ ಹಾಕಿದ ಸರಣಿಯೂ ಅವರದೇ, ಕೆಲಸದಿಂದ ತೆಗೆದ ತಂಡವೂ ಅವರದೇ. ಶಿಕ್ಷೆ ಕಡಿಮೆಯಾದರೆ ಪಕ್ಷಪಾತ, ಹೆಚ್ಚಾದರೆ ತೋರಿಕೆ. ಪೆನ್ಸ್ಕಿ ಅಪ್ರಾಮಾಣಿಕರು ಅಂತ ನಾನು ಹೇಳ್ತಿಲ್ಲ. ಅವರು ಪ್ರಾಮಾಣಿಕರು ಅಂತ ಸಾಬೀತು ಮಾಡೋಕೆ ಅವರ ಹತ್ತಿರವೇ ದಾರಿ ಇಲ್ಲ. ನಮ್ಮ ವೃತ್ತಿಯಲ್ಲಿ, ಮಾಡೆಲ್ ಮಾಡಿದವನೇ ಪರೀಕ್ಷೆಯ ಉತ್ತರಗಳನ್ನೂ ಇಟ್ಟುಕೊಂಡಿದ್ದರೆ ಎಷ್ಟು ಅಂಕ ಬಂದರೂ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. 2026ರಿಂದ ತೀರ್ಪುಗಾರರು ಪ್ರತ್ಯೇಕ ಮಂಡಳಿಯ ಕೆಳಗೆ ಬರುತ್ತಾರೆ. ತಡವಾಯಿತು, ಆದರೂ ಆಯಿತಲ್ಲ.

ಪೆನ್ಸ್ಕಿಯವರಿಗೆ ಇನ್ನೂ ಒಲಿಯದ ದೊಡ್ಡ ಗೆಲುವು ಲೆ ಮಾನ್. ಫ್ರಾನ್ಸಿನ ಆ 24 ಗಂಟೆಯ ರೇಸಿನಲ್ಲಿ ಟ್ರ್ಯಾಕೂ ಅವರದಲ್ಲ, ನಿಯಮವೂ ಅವರದಲ್ಲ. 2025ರ ಜೂನ್‌ನಲ್ಲಿ, ಇಂಡಿಯಾನಾಪೊಲಿಸ್ ರಾದ್ಧಾಂತವಾಗಿ ಇನ್ನೂ ತಿಂಗಳಾಗಿರಲಿಲ್ಲ, ಅವರ ತಂಡ ನಡೆಸುವ ಪೋರ್ಶೆ ಅಲ್ಲಿ ಎರಡನೇ ಸ್ಥಾನ ಪಡೆಯಿತು. ಮುಂದಿದ್ದ ಫೆರಾರಿಗೂ ಅದಕ್ಕೂ ಅಂತರ 14 ಸೆಕೆಂಡ್. ಬಹಳ ದಿನಗಳ ನಂತರ ನಾನು ಪೆನ್ಸ್ಕಿ ಕಾರಿಗಾಗಿ ಟಿವಿ ಮುಂದೆ ಎದ್ದು ನಿಂತು ಕೂಗಿದ್ದು ಅವತ್ತು.