ಪಾದರಕ್ಷೆಯ ನಾಮರೂಪಗಳು

ಕಾವ್ಯನಾಟಕಗಳೂ ಶಿಲ್ಪಚಿತ್ರಗಳೂ ಮಾತ್ರವೇ ವಿಮರ್ಶೆಗೆ ಯೋಗ್ಯವೆಂದೂ, ಉಡುಗೆತೊಡುಗೆಗಳ ವಿಚಾರವು ಅಂಗಡಿಕಾರರಿಗೆ ಬಿಟ್ಟುಕೊಡತಕ್ಕುದೆಂದೂ ವಿದ್ವಜ್ಜನರಲ್ಲಿ ಒಂದು ಭಾವನೆಯುಂಟು. ಈ ಭಾವನೆಯು ಸಾಧುವಾದುದಲ್ಲ. ಗ್ರಂಥವನ್ನು ಕೆಲವರು ಓದುವರು. ಕಾಲಿಗೆ ಮೆಟ್ಟುವುದನ್ನು ಎಲ್ಲರೂ ಕೊಳ್ಳುವರು. ಔಚಿತ್ಯವೇ ಕಾವ್ಯದ ಜೀವಿತವೆಂದು ಸಾಧಿಸಿದ ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ತನ್ನ ಮತವನ್ನು ತಿಳಿಯಹೇಳುವುದಕ್ಕೆ ಮೈಮೇಲಿನ ಒಡವೆಗಳ ದೃಷ್ಟಾಂತವನ್ನೇ ತೆಗೆದುಕೊಂಡನು. ಅಂದಮೇಲೆ ರಾಯಚೂರು, ಮಾನವಿ, ದೇವದುರ್ಗಗಳ ಪೇಟೆಗಳಲ್ಲಿ ತೂಗಾಡುತ್ತಿರುವ ಹೊಸ ವಿನ್ಯಾಸಗಳನ್ನು ಆ ಔಚಿತ್ಯದ ಒರೆಗಲ್ಲಿಗೆ ಹಚ್ಚಿ ನೋಡುವುದರಲ್ಲಿ ತಪ್ಪೇನಿದೆ?

ಕಲ್ಲೂರಿನ ಮಹಾಲಕ್ಷ್ಮಿಯ ಗುಡಿಯ ಹೊರಗೆ ಶುಕ್ರವಾರ ಬಿಟ್ಟಿರುವ ಮೆಟ್ಟುಗಳ ರಾಶಿಯನ್ನು ಕಂಡವರಿಗೆ ಕಾಲಗತಿಯು ಚೆನ್ನಾಗಿ ತಿಳಿಯುವುದು. ತೊಗಲಿನ ಮೆಟ್ಟುಗಳು ವಿರಳ. ಸ್ನೀಕರುಗಳೆಂಬ ದಪ್ಪ ರಬ್ಬರು ತಳದ ಬಿಳಿಯ ಬೂಟುಗಳು ಹೇರಳ. ಇವು ಹುಟ್ಟಿದುದು ಆಟದ ಬಯಲಿಗಾಗಿ. ಅಮೇರಿಕದ ಕಾನ್ವರ್ಸ್ ಕಂಪನಿಯವರು 1917ರಲ್ಲಿ ಬಾಸ್ಕೆಟ್‌ಬಾಲ್ ಆಟಕ್ಕೆಂದು ಕ್ಯಾನ್ವಾಸಿನ ಬೂಟನ್ನು ಹೊರತಂದರು. ಮುಂದೆ 1930ರ ದಶಕದಲ್ಲಿ ಅದರ ಹರಡಿನ ಮೇಲೆ ಚಕ್ ಟೇಲರ್ ಎಂಬ ಆಟಗಾರನ ಸಹಿಯು ಮೂಡಿತು. 1985ರಲ್ಲಿ ನೈಕಿ ಕಂಪನಿಯವರು ಮೈಕೆಲ್ ಜೋರ್ಡನ್ ಎಂಬ ಆಟಗಾರನ ಹೆಸರಿನಲ್ಲಿ ಬೂಟು ಮಾರಿದರು. ಅದೇ ಕಂಪನಿಯು 1999ರಲ್ಲಿ ಕೊಳ್ಳುವವನೇ ಬಣ್ಣಗಳನ್ನು ಆರಿಸಿ ತನ್ನ ಅಕ್ಷರಗಳನ್ನು ಬೂಟಿನ ಮೇಲೆ ಹಾಕಿಸಿಕೊಳ್ಳುವ ಏರ್ಪಾಡನ್ನು ಮಾಡಿತು. ಮೊದಲು ಕಂಪನಿಯ ಹೆಸರು, ಆಮೇಲೆ ಆಟಗಾರನದು, ಕಟ್ಟಕಡೆಗೆ ಕೊಂಡವನದೇ. ಹೊಲಿದವರ ಹೆಸರಿನ ಸರದಿಯು ಮಾತ್ರ ಈ ಮೆರವಣಿಗೆಯಲ್ಲಿ ಬರಲಿಲ್ಲ.

ಈ ಕೊನೆಯ ಏರ್ಪಾಡೇ ಇಂದು ಎಲ್ಲ ಪದಾರ್ಥಗಳಿಗೂ ಹಬ್ಬಿರುವುದು. ಚಹದ ಬಟ್ಟಲಿನ ಮೇಲೆ ಮಗುವಿನ ಭಾವಚಿತ್ರ, ಮೊಬೈಲಿನ ಹಿಂಬದಿಯ ಮೇಲೆ ದಂಪತಿಗಳ ಹೆಸರು, ಅಂಗಿಯ ಎದೆಯ ಮೇಲೆ ಗೆಳೆಯರ ಗುಂಪಿನ ಘೋಷಣೆ! ಇದರಲ್ಲಿ ರಹಸ್ಯವೇನೂ ಇಲ್ಲ. ಕಾಗದದ ಮೇಲೆ ಅಚ್ಚಾದ ಶಾಯಿಯು ಸುಮಾರು 200 ಡಿಗ್ರಿಗಳ ಕಾವಿನಲ್ಲಿ ಆವಿಯಾಗಿ ಬಟ್ಟಲಿನ ಮೇಲಣ ಲೇಪದೊಳಗೆ ಸೇರಿಕೊಳ್ಳುವುದು. ಕೆಲವೇ ನಿಮಿಷಗಳ ಕೆಲಸ. ಬಟ್ಟಲು ಹಿಂದೆ ಹೇಗಿತ್ತೋ ಹಾಗೆಯೇ ಇರುವುದು. ಹಿಡಿಯು ಸಣ್ಣದಾಗಿ ಬೆರಳು ತೂರದಿದ್ದರೆ ಹೆಸರು ಬರೆಸಿದ ಮಾತ್ರಕ್ಕೆ ತೂರುವುದೇ? ತಯಾರಕನಿಗೆ ಯಾವುದರಲ್ಲಿ ವೆಚ್ಚವಿಲ್ಲವೋ ಅದರಲ್ಲಿ ಮಾತ್ರ ಕೊಳ್ಳುವವನಿಗೆ ಸ್ವಾತಂತ್ರ್ಯವನ್ನು ಕೊಟ್ಟಿರುವುದು ಈ ವಿನ್ಯಾಸದ ಜಾಣ್ಮೆ. ಬಣ್ಣ ನಿನ್ನದು, ಅಕ್ಷರ ನಿನ್ನದು. ಆಕಾರ, ಅಳತೆ, ಬಾಳಿಕೆ, ಹರಿದರೆ ಹೊಲಿಯುವ ಅನುಕೂಲ ಇವೆಲ್ಲ ಅವನ ಇಚ್ಛೆ. ಇದನ್ನು ಅಭಿರುಚಿಯ ವಿಜಯವೆಂದು ಕೊಂಡಾಡುವುದು ಅತಿಶಯೋಕ್ತಿಯಲ್ಲದೆ ಮತ್ತೇನೂ ಅಲ್ಲ.

ಔಚಿತ್ಯದ ಮಾತನ್ನು ಕೇಳುವುದಾದರೆ, ನಾಲ್ವತ್ತು ಡಿಗ್ರಿಗಳನ್ನು ಮೀರುವ ರಾಯಚೂರಿನ ಬೇಸಗೆಯಲ್ಲಿ ಕಾಲುಚೀಲದ ಮೇಲೆ ಕೃತಕ ತೊಗಲಿನ ಮುಚ್ಚಿದ ಬೂಟನ್ನು ಬಿಗಿಯುವುದು ಪಾದಗಳಿಗೆ ವಿಧಿಸಿದ ಶಿಕ್ಷೆಯೇ ಸರಿ. ಇನ್ನು ಒಂದು ಮಳೆ ಬಿದ್ದ ಮೇಲೆ ಎರೆಯ ಹೊಲದ ದಾರಿಯಲ್ಲಿ ಆ ಬಿಳಿಯ ತಳವು ಯಾವ ವರ್ಣಕ್ಕೆ ತಿರುಗುವುದೆಂಬುದನ್ನು ಈ ಸೀಮೆಯ ವಾಚಕರಿಗೆ ಬಣ್ಣಿಸಿ ಹೇಳಬೇಕಾದುದಿಲ್ಲ.

ಆದರೆ ತರುಣರೆಲ್ಲರನ್ನೂ ಒಂದೇ ಕೋಲಿನಿಂದ ಹೊಡೆಯುವುದು ನ್ಯಾಯವಲ್ಲ. ಅವರಲ್ಲಿ ಕೆಲವರು ಕೊಂಡ ಬೂಟಿನ ಮೇಲಣ ಕಾರ್ಖಾನೆಯ ಹೊಳಪನ್ನು ಅಸಿಟೋನಿನಿಂದ ಒರಸಿ ತೆಗೆದು, ತೆಳುವಾದ ಬಣ್ಣವನ್ನು ಪದರಪದರವಾಗಿ ಆರಿಸುತ್ತ ಹಚ್ಚಿ, ತಮ್ಮ ಕೈಯಿಂದಲೇ ಚಿತ್ರ ಬರೆಯುವರು. ಅವಸರ ಮಾಡಿ ದಪ್ಪವಾಗಿ ಬಳಿದರೆ ಹೆಜ್ಜೆ ಬಾಗುವಲ್ಲಿ ಬಣ್ಣವು ಸೀಳುವುದು. ಆದುದರಿಂದ ಈ ಕೆಲಸವು ತಾಳ್ಮೆಯನ್ನು ಬೇಡುವುದು. ಹೀಗೆ ಮಾಡುವ ಹುಡುಗನು ಅರಿತೋ ಅರಿಯದೆಯೋ ತನ್ನ ಅಜ್ಜಿಯ ಮಾರ್ಗವನ್ನೇ ಹಿಡಿದಿರುವನು. ಹೇಗೆಂದರೆ, ಉತ್ತರ ಕರ್ನಾಟಕದ ಗೃಹಿಣಿಯರು ಅಂಗಡಿಯಿಂದ ತಂದ ಇಳಕಲ್ಲ ಸೀರೆಯನ್ನು ಹಾಗೆಯೇ ಉಡದೆ, ಅದರ ಮೇಲೆ ಕಸೂತಿಯನ್ನು ಹಾಕಿ ತಮ್ಮದನ್ನಾಗಿ ಮಾಡಿಕೊಳ್ಳುತ್ತಿದ್ದರು. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳು. ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿಯನ್ನು ಇಳಿಸಬೇಕು. ಎಲ್ಲಿಯೂ ಗಂಟು ಹಾಕಕೂಡದು. ಗವಂತಿ ಮುರಗಿಗಳಂತೂ ಸೀರೆಯ ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣಬೇಕು. ಗೋಪುರ, ತೇರು, ಆನೆ, ತುಳಸೀಕಟ್ಟೆ ಇವು ಎಲ್ಲರಿಗೂ ಪರಿಚಿತವಾದ ರೂಪಗಳೇ. ಹಾಗಿದ್ದರೂ ಆಕೆಯ ಆನೆಗೂ ನೆರೆಮನೆಯಾಕೆಯ ಆನೆಗೂ ಇರುವ ಭೇದವು ಬಲ್ಲವರ ಕಣ್ಣಿಗೆ ತಪ್ಪುತ್ತಿರಲಿಲ್ಲ. ತನ್ನತನವನ್ನು ತೋರಿಸುವುದಕ್ಕೆ ಆಕೆಗೆ ತನ್ನ ಹೆಸರನ್ನು ಸೆರಗಿನ ಮೇಲೆ ಬರೆದುಕೊಳ್ಳುವ ಅವಶ್ಯಕತೆಯೇ ಬೀಳಲಿಲ್ಲ.

ಆ ಸೀರೆಯ ನೇಯ್ಗೆಯೂ ಇಲ್ಲಿ ವಿಚಾರಣೀಯವಾಗಿದೆ. ಇಳಕಲ್ಲಿನ ನೇಕಾರನು ಒಡಲಿನ ಹಾಸಿಗೂ ಸೆರಗಿನ ರೇಷ್ಮೆಯ ಹಾಸಿಗೂ ಕುಣಿಕೆಗಳಿಂದ ಗಂಟುಬೀಳಿಸುವನು. ಇದಕ್ಕೆ ತೋಪು ತೆನೆಯೆಂದು ಹೆಸರು. ಈ ಕಾರಣದಿಂದ ಆತನು ನೂರಾರು ಗಜಗಳ ಹಾಸನ್ನು ಒಮ್ಮೆಗೇ ಸುತ್ತಿಟ್ಟುಕೊಳ್ಳಲಾರನು. ಆರು, ಎಂಟು ಅಥವಾ ಒಂಬತ್ತು ಗಜದ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಅಣಿಮಾಡಬೇಕು. ಸೆರಗಿನ ಬಿಳಿಯ ಬುಟ್ಟಾಗಳ ಹೆಸರುಗಳನ್ನು ಕೇಳಿರಿ: ಹಣಿಗೆ, ಕೋಟೆ ಕಮ್ಮಲಿ, ರಾಂಪ, ಜೋಳದ ತೆನೆ. ತಲೆ ಬಾಚುವ ಹಣಿಗೆಯೂ ಊರಿನ ಕೋಟೆಯೂ ಹೊಲದ ತೆನೆಯೂ ಸೆರಗಿಗೆ ಏರಿ ಕುಳಿತಿವೆ. ದಿನಬಳಕೆಯ ಪದಾರ್ಥವು ವಿನ್ಯಾಸವಾಗುವ ಕ್ರಮವಿದು. ಇಂದಿನ ಕ್ರಮವು ಇದಕ್ಕೆ ತಿರುಗುಮುರುಗಾದುದು. ವಿನ್ಯಾಸವೆಂಬುದು ಎಲ್ಲಿಂದಲೋ ಬಂದು ದಿನಬಳಕೆಯ ಪದಾರ್ಥದ ಮೇಲೆ ಅಂಟಿಕೊಳ್ಳುವುದು.

ಕಲ್ಲೂರಿನ ಲಕ್ಷ್ಮಿಯ ಸನ್ನಿಧಿಯನ್ನು ಎರಡನೆಯ ಕೊಲ್ಹಾಪುರವೆಂದು ಭಕ್ತರು ಕರೆಯುವುದುಂಟು. ಮೊದಲನೆಯ ಕೊಲ್ಹಾಪುರದ ಹೆಸರನ್ನು ಹೊತ್ತ ಮೆಟ್ಟುಗಳು ಈಚೆಗೆ ಜಗತ್ತಿನ ಬಾಯಲ್ಲಿ ಬಿದ್ದುವು. ಹೆಸರು ಆ ಊರಿನದಾದರೂ ಅವುಗಳಲ್ಲಿ ಬಹುಭಾಗವು ಕನ್ನಡನಾಡಿನ ಅಥಣಿ, ನಿಪ್ಪಾಣಿ, ಮದಭಾವಿಗಳಲ್ಲಿ ಸಿದ್ಧವಾಗುವುದೆಂಬುದನ್ನು ಅನೇಕರು ಅರಿಯರು. ಜಾಲಿಯ ಚಕ್ಕೆ, ಅಳಲೆಕಾಯಿಗಳ ಕಷಾಯದಲ್ಲಿ ಹದಗೊಂಡ ಎಮ್ಮೆಯ ತೊಗಲು, ಮೊಳೆಯ ಸೋಂಕಿಲ್ಲದೆ ತೊಗಲಿನ ದಾರದಿಂದಲೇ ಹೊಲಿಗೆ, ಹೆಬ್ಬೆರಳಿಗೆ ಉಂಗುಟ, ಎರಡು ಮಗ್ಗುಲಿಗೆ ಕಿವಿ, ಮೇಲೆ ಹೆಣೆದ ಜಡೆ. ತೊಗಲನ್ನು ಹದಮಾಡಿ ಕತ್ತರಿಸುವುದು ಹೆಚ್ಚಾಗಿ ಗಂಡಸರ ಕೆಲಸ, ಹೆಣೆಯುವುದೂ ಹೊಲಿಯುವುದೂ ಹೆಂಗಸರದು. ಮೊದಲ ಕೆಲವು ದಿನ ಈ ಮೆಟ್ಟು ಕಚ್ಚುವುದು, ಕಿರುಗುಟ್ಟುವುದು. ಹರಳೆಣ್ಣೆಯನ್ನು ಕುಡಿಸಿ ಪಳಗಿಸಬೇಕು. ಮಳೆಗಾಲಕ್ಕೆ ಇದು ಹೇಳಿದುದಲ್ಲ, ನೆನೆದರೆ ಕೆಡುವುದು. ಆದರೆ ಪಳಗಿದ ಮೇಲೆ ಮೆಟ್ಟಿದವನ ಹಿಮ್ಮಡಿಯ ಭಾರವೂ ಬೆರಳುಗಳ ಗುರುತೂ ತೊಗಲಿನಲ್ಲಿ ಇಳಿದು, ಅದು ಮತ್ತೊಬ್ಬನ ಕಾಲಿಗೆ ಒಗ್ಗದಂತಾಗುವುದು. ಪದಾರ್ಥವು ಒಬ್ಬನ ಸ್ವಂತದ್ದಾಗುವ ಬಗೆಗಳಲ್ಲಿ ಇದಕ್ಕಿಂತ ಮಿಗಿಲಾದುದನ್ನು ಯಾವ ಅಚ್ಚಿನ ಯಂತ್ರವೂ ಇದುವರೆಗೆ ತೋರಿಸಿಲ್ಲ.

2025ರ ಜೂನ್ ತಿಂಗಳಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಹೆಸರಾಂತ ಸಂಸ್ಥೆಯವರು ಗಂಡಸರ ಉಡುಪುಗಳನ್ನು ಪ್ರದರ್ಶಿಸಿದಾಗ ಈ ಉಂಗುಟದ ಮೆಟ್ಟುಗಳೇ ಅಲ್ಲಿ ಕಾಣಿಸಿಕೊಂಡುವು. ಅವನ್ನು ಬರಿಯ ತೊಗಲಿನ ಪಾದರಕ್ಷೆಗಳೆಂದು ಕರೆದಿದ್ದರೇ ಹೊರತು ಊರನ್ನಾಗಲಿ ನಾಡನ್ನಾಗಲಿ ಹೇಳಿರಲಿಲ್ಲ. ಕೂಗೆದ್ದಿತು; ಭಾರತದ ಮೆಟ್ಟುಗಳಿಂದ ಪ್ರೇರಣೆ ಪಡೆದುದು ನಿಜವೆಂದು ಸಂಸ್ಥೆಯವರು ಒಪ್ಪಿಕೊಂಡರು. ಇಲ್ಲಿ ಕಾನೂನಿನ ಒಂದು ಸೂಕ್ಷ್ಮವುಂಟು. 1999ರ ಭೌಗೋಲಿಕ ಸೂಚಕಗಳ ಕಾಯಿದೆಯ ಪ್ರಕಾರ ಕೊಲ್ಹಾಪುರಿ ಚಪ್ಪಲಿಯೆಂಬ ಹೆಸರನ್ನು ಮಹಾರಾಷ್ಟ್ರ ಕರ್ನಾಟಕಗಳ ಚರ್ಮೋದ್ಯಮ ನಿಗಮಗಳೆರಡೂ ಜೊತೆಯಾಗಿ ನೋಂದಣಿ ಮಾಡಿಸಿವೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿವೆ. ಆ ರಕ್ಷಣೆಯು ನಾಮಕ್ಕೆ ಸಲ್ಲುವುದೇ ಹೊರತು ರೂಪಕ್ಕೆ ಸಲ್ಲುವುದಿಲ್ಲ. ಹೆಸರನ್ನು ಬಿಟ್ಟು ಆಕಾರವನ್ನು ಮಾತ್ರ ಎತ್ತಿಕೊಂಡವನ ಕೈಯನ್ನು ಹಿಡಿಯುವುದು ಅದಕ್ಕೆ ಕಷ್ಟ.

ಬೃಹದಾರಣ್ಯಕೋಪನಿಷತ್ತು ನಾಮ, ರೂಪ, ಕರ್ಮವೆಂದು ಮೂರನ್ನು ಒಟ್ಟಿಗೆ ಹೇಳಿದೆ. ಅಲ್ಲಿಯ ಅರ್ಥವು ಬೇರೆ, ಘನವಾದುದು. ಪಾದರಕ್ಷೆಯವರೆಗೆ ಅದನ್ನು ಎಳೆದು ತಂದುದಕ್ಕೆ ವೇದಾಂತಿಗಳು ಕ್ಷಮಿಸಬೇಕು. ಆದರೂ ಈಚಿನ ವಿನ್ಯಾಸಗಳ ರೋಗವನ್ನು ಗುರುತಿಸುವುದಕ್ಕೆ ಇದರಷ್ಟು ಒದಗುವ ಮಾತು ಬೇರೊಂದಿಲ್ಲ. ಹೆಸರು ಬರೆಸಿದ ಬೂಟಿನಲ್ಲಿ ನಾಮವು ಹೊಸದು, ರೂಪವು ಲಕ್ಷಾಂತರ ಜನರದು. ಮಿಲಾನಿನ ಮೆಟ್ಟಿನಲ್ಲಿ ರೂಪವು ಬಂದಿತು, ನಾಮವು ಹಿಂದೆ ಉಳಿಯಿತು. ಎರಡರಲ್ಲಿಯೂ ಕಾಣದೆ ಹೋದುದು ಕರ್ಮವು, ಎಂದರೆ ಮಾಡಿದವರ ಕೆಲಸವು.

ಈ ಅದೃಶ್ಯತೆಗೆ ಇಟಲಿಯವರನ್ನು ಮಾತ್ರ ಹೊಣೆ ಮಾಡುವುದು ಆತ್ಮವಂಚನೆಯಾದೀತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನೂ ಕಲ್ಯಾಣಮ್ಮನೂ ತಮ್ಮ ತೊಡೆಯ ತೊಗಲಿನಿಂದ ಬಸವಣ್ಣನವರಿಗೆ ಮೆಟ್ಟು ಮಾಡಿ ತಂದರೆಂದೂ, ಅದನ್ನು ಮೆಟ್ಟಲೊಲ್ಲದೆ ಬಸವಣ್ಣನವರು ಹಿಂದಕ್ಕೆ ಕೊಟ್ಟರೆಂದೂ ಐತಿಹ್ಯವಿದೆ. ಆ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟುದಕ್ಕಾಗಿ ಬೀಗರಿಬ್ಬರೂ ಬಿಜ್ಜಳನ ಆಜ್ಞೆಯಿಂದ ಪ್ರಾಣವನ್ನು ತೆತ್ತರು. ಕಥೆಯನ್ನು ಕೇಳಿ ಕಣ್ಣೀರು ಸುರಿಸಿದ ಸಮಾಜವೇ ಮೆಟ್ಟು ಹೊಲಿಯುವವನ ಮನೆಯನ್ನು ಊರ ಹೊರಗಿಟ್ಟಿತು. ಅವನು ಕೊಟ್ಟ ಮೆಟ್ಟು ಒಳಗೆ ಬಂದಿತು, ಅವನು ಬರಲಿಲ್ಲ. ಮಿಲಾನಿನ ಸುದ್ದಿ ಬಂದಾಗ ಪರಂಪರೆಗೆ ಅಪಮಾನವಾಯಿತೆಂದು ಗುಡುಗಿದವರಲ್ಲಿ ಅಥಣಿಯ ಮೆಟ್ಟನ್ನು ಚೌಕಾಸಿಯಿಲ್ಲದೆ ಕೊಂಡವರು ಎಷ್ಟು ಮಂದಿಯೋ!

2025ರ ಡಿಸೆಂಬರಿನಲ್ಲಿ ಪ್ರಾಡಾ ಸಂಸ್ಥೆಗೂ ಎರಡು ರಾಜ್ಯಗಳ ಚರ್ಮೋದ್ಯಮ ನಿಗಮಗಳಿಗೂ ಒಡಂಬಡಿಕೆಯಾಯಿತು. ಮಹಾರಾಷ್ಟ್ರ ಕರ್ನಾಟಕಗಳಲ್ಲಿ 2,000 ಜೊತೆಗಳನ್ನು ಮಾಡಿಸಿ, 2026ರ ಫೆಬ್ರವರಿಯಿಂದ ಪ್ರಪಂಚದ 40 ಅಂಗಡಿಗಳಲ್ಲಿ ಜೊತೆಗೆ ಸುಮಾರು 800 ಯೂರೋಗಳಂತೆ ಮಾರುವುದಾಗಿ ಪ್ರಕಟಿಸಿದರು. ಎಂದರೆ 80,000 ರೂಪಾಯಿಗಳಿಗೂ ಮೇಲು. ಕೆಲಸಗಾರರಿಗೆ ತರಬೇತಿಯನ್ನು ಕೊಡುವ ಮಾತೂ ಅದರಲ್ಲಿ ಉಂಟು. ಇದು ಒಳ್ಳೆಯದೇ, ನಾಮವೂ ರೂಪವೂ ಮರಳಿ ಒಂದೆಡೆ ಸೇರಿದಂತಾಯಿತು. ಇನ್ನು ನೋಡಬೇಕಾದುದು, ಆ ಬೆಲೆಯಲ್ಲಿ ಜಡೆ ಹೆಣೆದವಳ ಕೈಗೆ ಸೇರಿದುದೆಷ್ಟು ಎಂಬುದನ್ನು. ಮತ್ತು ಕೊಂಡವನ ಹೆಸರನ್ನು ಬರೆಯುವುದಕ್ಕೆ ಇಷ್ಟೊಂದು ಯಂತ್ರಗಳಿರುವ ಕಾಲದಲ್ಲಿ, ಆ ಎರಡು ಸಾವಿರದಲ್ಲಿ ಒಂದು ಜೊತೆಯ ತಳಕ್ಕಾದರೂ ಅವಳ ಹೆಸರು ಬಿದ್ದಿದೆಯೇ ಎಂಬುದನ್ನು.