ಸ್ಯಾಂಪಲ್ ಎಲ್ಲಿ ಮಾಮ?

ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಗುಡಿಸಲು, ಪಕ್ಕದಲ್ಲೊಂದು ತೆಂಗಿನ ಮರ, ಹಾವಿನ ಹಾಗೆ ಹರಿದು ಬರೋ ನದಿ, ಮೇಲೆ ಟಿಕ್ ಮಾರ್ಕಿನಂಥ ನಾಲ್ಕು ಹಕ್ಕಿ. ಸರ್ಕಾರಿ ಶಾಲೆಯವರಿಗೂ ಕಾನ್ವೆಂಟಿನವರಿಗೂ ಸಮಪಾಲಿನಲ್ಲಿ ಸಿಕ್ಕಿರುವ ಏಕೈಕ ಆಸ್ತಿ ಇದು. ‘ಸೀನರಿ’ ಅಂತ ಹೆಸರು. ನಮ್ಮೂರು ಸಾಗರದ ಕಡೆ. ಗುಡ್ಡ, ಹಳ್ಳ, ಮರ ಎಲ್ಲವೂ ಶಾಲೆಯ ಕಿಟಕಿಯಾಚೆಗೇ ಇದ್ದವು. ಆದರೂ ಕಿಟಕಿ ಕಡೆ ನೋಡಿ ಚಿತ್ರ ಬರೆದವರು ಒಬ್ಬರೂ ಇಲ್ಲ. ಸುತ್ತ ಅಡಿಕೆ ತೋಟ ಇಟ್ಟುಕೊಂಡು ತೆಂಗಿನ ಮರ ಬರೆಯುತ್ತಿದ್ದೆವು!

ಇದೇ ಸೀನರಿ ಈಗ ಜೆ.ಪಿ. ನಗರ, ಜಯನಗರ, ಬನಶಂಕರಿಯ ವಾರಾಂತ್ಯದ ಕ್ಲಾಸುಗಳಲ್ಲಿ ಅಕ್ರಿಲಿಕ್ ಬಣ್ಣ ಹಚ್ಚಿಕೊಂಡು, ಕ್ಯಾನ್ವಾಸ್ ಬೋರ್ಡಿನ ಮೇಲೆ ಕೂತಿದೆ. ಗುಡಿಸಲು ಹೋಗಿ ಲೈಟ್‌ಹೌಸ್ ಬಂದಿರಬಹುದು, ಅಷ್ಟೇ. ಮುಂದೆ ಒಂದು ಸ್ಯಾಂಪಲ್ ಇಡುತ್ತಾರೆ, ಮಕ್ಕಳು ಹಾಗೇ ಬರೆಯುತ್ತವೆ, ಕೊನೇ ಹತ್ತು ನಿಮಿಷ ಟೀಚರ್ ಬಂದು ‘ಫಿನಿಶಿಂಗ್’ ಕೊಡುತ್ತಾರೆ. ಗೋಡೆಗೆ ತೂಗುಹಾಕೋ ಹಾಗಿರುತ್ತೆ. ಟೀಚರನ್ನು ಬೈದು ಪ್ರಯೋಜನ ಇಲ್ಲ. ಫೀಸು ಕೊಟ್ಟ ಅಪ್ಪ ಅಮ್ಮಂದಿರಿಗೆ ಪ್ರತಿ ಶನಿವಾರ ಏನಾದರೂ ಕಾಣಬೇಕು. ನಮ್ಮ ಕಸುಬಿನವರೇ ಜಾಸ್ತಿ ಇರೋ ಏರಿಯಾ ಇದು, ವಾರಕ್ಕೊಂದು ರಿಲೀಸ್ ಕೇಳುವ ಅಭ್ಯಾಸ ನಮ್ಮದೇ.

ನಮ್ಮಕ್ಕನ ಮಗಳಿಗೆ ಒಂಬತ್ತು ವರ್ಷ. ಅವಳ ಹತ್ತಿರ ಹದಿನಾಲ್ಕು ಕ್ಯಾನ್ವಾಸ್ ಇವೆ, ಎಲ್ಲ ಚೆಂದ. ಒಂದಿನ ಸೋಫಾ ಮೇಲೆ ಮಲಗಿದ್ದ ಬೆಕ್ಕು ತೋರಿಸಿ, ಇದನ್ನ ಬರಿ ನೋಡೋಣ ಅಂದೆ. ಸ್ವಲ್ಪ ಹೊತ್ತು ಪೆನ್ಸಿಲ್ ಹಿಡಿದು ಕೂತು ಕೇಳಿದಳು, “ಇದಕ್ಕೆ ಸ್ಯಾಂಪಲ್ ಎಲ್ಲಿ ಮಾಮ?”

ನಕಲು ಮಾಡೋದೇ ತಪ್ಪು ಅಂತಲ್ಲ. ನಕಲು ಮಾಡದೆ ಯಾರೂ ಏನೂ ಕಲಿತಿಲ್ಲ. ನಮ್ಮ ಕಡೆ ದೀವರ ಮನೆಗಳಲ್ಲಿ ಮದುವೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾದ ಅಕ್ಕಿಯಿಂದ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಹುಡುಗಿಯರು ಅಜ್ಜಿಯ ಪಕ್ಕ ಕೂತು ಅಜ್ಜಿ ಎಳೆದಂತೆಯೇ ಎಳೆ ಎಳೆಯುತ್ತಾರೆ. ಅದೂ ನಕಲೇ. ಆದರೆ ಅಲ್ಲಿ ನಕಲಾಗೋದು ಕೈಯ ನಡೆ. ಅಂಚಿನ ಒಂದು ಮೂಲೆ ತುಂಬಿದರೆ ಆ ದಿನಕ್ಕೆ ಸಾಕು. ಸಂಗೀತದ ಸರಳೆ ವರಸೆಯೂ ಹಾಗೇ. ಸಾವಿರ ಸಲ ಹಾಡಿಸುತ್ತಾರೆ, ಆದರೆ ಅದನ್ನೇ ವೇದಿಕೆ ಮೇಲೆ ಕಛೇರಿ ಅಂತ ಕೂರಿಸಲ್ಲ. ವಾರಾಂತ್ಯದ ಕ್ಲಾಸಿನಲ್ಲಿ ಸರಳೆ ವರಸೆಗೇ ಫ್ರೇಮು ಹಾಕಿಸುತ್ತೇವೆ.

ಇನ್ನು ದೊಡ್ಡವರಿಗಾಗಿ ನಡೆಯುವ ಎರಡು ಗಂಟೆಯ ವರ್ಕ್‌ಶಾಪುಗಳು. ಅಲ್ಲಿ ಬಣ್ಣದ ಜೊತೆ ಬದುಕಿನ ಪಾಠ ಫ್ರೀ. ‘ಜಲವರ್ಣದಲ್ಲಿ ಅಳಿಸೋಕಾಗಲ್ಲ, ಬದುಕೂ ಹಾಗೇ’ ಅನ್ನೋದು ಅಲ್ಲಿನ ಖಾಯಂ ಮಾತು. ಯಾರಾದರೂ ಆರು ತಿಂಗಳು ಜಲವರ್ಣ ಮಾಡಿದವರನ್ನು ಕೇಳಿ ನೋಡಿ. ಒದ್ದೆ ಕುಂಚದಿಂದ ಸವರಿ, ಟಿಶ್ಯೂ ಒತ್ತಿ ಬಣ್ಣ ಎತ್ತಬಹುದು. ಆಗಲಿಲ್ಲವೋ, ಹಾಳೆ ಹರಿದು ಬಿಸಾಕಿ ಇನ್ನೊಂದು ತಗೋತಾರೆ. ಜಲವರ್ಣದ ನಿಜವಾದ ಕಷ್ಟ ಬೇರೆ: ಬಿಳಿ ಬಣ್ಣ ಅಂದರೆ ಬರಿದೇ ಬಿಟ್ಟ ಕಾಗದ. ಎಲ್ಲಿ ಬೆಳಕು ಬೇಕು ಅನ್ನೋದನ್ನ ಕುಂಚ ಅದ್ದೋಕೆ ಮುಂಚೆಯೇ ತೀರ್ಮಾನಿಸಬೇಕು. ಇದನ್ನ ಎರಡು ಗಂಟೆಯಲ್ಲಿ ಕಲಿಸೋಕಾಗಲ್ಲ, ಅದಕ್ಕೇ ಬದುಕಿನ ವಿಷಯ ಮಾತಾಡ್ತಾರೆ ಅಂತ ನನ್ನ ಗುಮಾನಿ.

ಆ ಕಷ್ಟ ಎಂಥದ್ದು ಅಂತ ನೋಡಬೇಕಿದ್ದರೆ ಕಸ್ತೂರಬಾ ರಸ್ತೆಯಲ್ಲಿ ಕೆ. ವೆಂಕಟಪ್ಪನವರ ಹೆಸರಿನದೇ ಗ್ಯಾಲರಿ ಇದೆ. 1886ರಲ್ಲಿ ಹುಟ್ಟಿ, ಮೈಸೂರು ಅರಮನೆಯ ಆಶ್ರಯದಲ್ಲಿ ಬೆಳೆದು, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ, ನಂದಲಾಲ್ ಬೋಸ್ ಓರಗೆಯಲ್ಲಿ ಕಲಿತವರು. ಮೊದಮೊದಲು ಗುರುವಿನ ಶೈಲಿಯಲ್ಲಿ ಪುರಾಣದ ಪ್ರಸಂಗಗಳನ್ನು ಬರೆದರು. ಅಲ್ಲೇ ನಿಂತಿದ್ದರೂ ಹೆಸರು ಇರುತ್ತಿತ್ತು. ಆದರೆ ನಡುವಯಸ್ಸಿನಲ್ಲಿ ಊಟಿ, ಕೊಡೈಕನಾಲ್‌ಗಳಿಗೆ ಹೋಗಿ ಎದುರಿಗಿದ್ದ ಬೆಟ್ಟ, ಕೆರೆ, ಮಂಜನ್ನು ಜಲವರ್ಣದಲ್ಲಿ ಬರೆದರು. ಅವೂ ಸೀನರಿಗಳೇ ನೋಡಿ! ಬೆಟ್ಟ ಇದೆ, ನೀರಿದೆ, ಮರ ಇದೆ. ಆದರೆ ಒಂದು ಬೆಟ್ಟದ ಹಸಿರು ಇನ್ನೊಂದಕ್ಕಿಲ್ಲ. ಇದೇ ಮನುಷ್ಯ ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿಯೋಕೆ ಹೋಗಿ, ಕುಂಚ ವೀಣೆಗಳ ನಡುವೆ ಹರಿದು ಹಂಚಿಹೋಗಿದ್ದನ್ನೇ 1926ರಲ್ಲಿ ಒಂದು ಚಿತ್ರ ಮಾಡಿದರು. ಪಾಠ ಹುಡುಕೋರಿಗೆ ಅಲ್ಲಿ ಪಾಠ ಸಿಗಲ್ಲ, ಒದ್ದಾಟ ಸಿಗುತ್ತೆ. ನನಗೆ ಅದೇ ಹೆಚ್ಚು ಇಷ್ಟ.

ಬೆಟ್ಟಿ ಎಡ್ವರ್ಡ್ಸ್ ಅನ್ನೋ ಅಮೆರಿಕದ ಮೇಷ್ಟ್ರು 1979ರಲ್ಲಿ ಚಿತ್ರ ಕಲಿಯುವ ಬಗ್ಗೆ ಬರೆದ ಪುಸ್ತಕ ನಮ್ಮ ಐಟಿ ಜನರಲ್ಲೂ ಸಾಕಷ್ಟು ಓಡುತ್ತೆ. ಎಡ ಮೆದುಳು, ಬಲ ಮೆದುಳು ಅಂತ ಆಕೆ ಕೊಡುವ ವಿವರಣೆಯನ್ನು ವಿಜ್ಞಾನಿಗಳು ಈಗ ಅಷ್ಟು ಸಲೀಸಾಗಿ ಒಪ್ಪಲ್ಲ. ಆದರೆ ಆಕೆ ಹೇಳಿದ ಕಸರತ್ತುಗಳು ಕೆಲಸ ಮಾಡುತ್ತವೆ. ಪಿಕಾಸೋ ಬರೆದ ಸ್ಟ್ರಾವಿನ್‌ಸ್ಕಿಯ ರೇಖಾಚಿತ್ರವನ್ನು ತಲೆಕೆಳಗಾಗಿ ಇಟ್ಟು ಬರೆಯೋಕೆ ಹೇಳುತ್ತಾರೆ. ಉಲ್ಟಾ ಇಟ್ಟಾಗ ಅದು ಮೂಗು, ಇದು ಬೆರಳು ಅಂತ ಗೊತ್ತಾಗಲ್ಲ, ಬರೀ ಗೆರೆ ಕಾಣುತ್ತೆ. ಗೊತ್ತಿರೋದು ಅಡ್ಡ ಬರೋದು ನಿಂತ ಕೂಡಲೇ ಕೈ ಸರಿಯಾಗಿ ಹೋಗುತ್ತೆ. ಮಕ್ಕಳ ಚಿತ್ರ ಸಾಮಾನ್ಯವಾಗಿ ಒಂಬತ್ತು ಹತ್ತನೇ ವಯಸ್ಸಿಗೆ ನಿಂತುಹೋಗುತ್ತೆ ಅಂತಲೂ ಆಕೆ ಬರೆಯುತ್ತಾರೆ. ಎದುರಿಗೆ ಕಂಡಂತೆ ಬರೆಯಬೇಕು ಅನ್ನೋ ಆಸೆ ಹುಟ್ಟೋ ವಯಸ್ಸು ಅದು, ಹೇಗೆ ನೋಡಬೇಕು ಅಂತ ಯಾರೂ ಹೇಳಿರಲ್ಲ. ‘ನಂಗೆ ಡ್ರಾಯಿಂಗ್ ಬರಲ್ಲ’ ಅಂತ ಅಲ್ಲಿಗೆ ಷರಾ ಬರೆದಾಯ್ತು. ಹದಿನಾಲ್ಕು ಕ್ಯಾನ್ವಾಸ್ ಇರೋ ಹುಡುಗಿ ನಿಂತಿರೋದು ಆ ಬಾಗಿಲಲ್ಲೇ. ನನಗೆ ದಿಗಿಲಾಗೋದು ಅದಕ್ಕೇ.

ಬನಶಂಕರಿಯಲ್ಲಿ ನಾನು ಭಾನುವಾರ ಹೋಗುವ ಕ್ಲಾಸಿನ ಮೇಷ್ಟ್ರು ಸ್ಯಾಂಪಲ್ ಇಡಲ್ಲ. ಸ್ಟೂಲಿನ ಮೇಲೆ ಒಂದು ಹಿತ್ತಾಳೆ ಚೊಂಬು ಇಡುತ್ತಾರೆ. ನಾಲ್ಕು ಭಾನುವಾರ ಅದೇ ಚೊಂಬು. ಮೊದಲನೇ ವಾರ ಎಲ್ಲರದೂ ಒಂದೇ ಚಿತ್ರ: ಬಾಯಿ ಪೂರಾ ದುಂಡಗೆ, ತಳ ಗೆರೆ ಎಳೆದ ಹಾಗೆ ನೆಟ್ಟಗೆ. ಚೊಂಬಿನ ಬಾಯಿ ದುಂಡಗಿರುತ್ತೆ, ತಳ ಸಮ ಇಲ್ಲದಿದ್ದರೆ ಚೊಂಬು ನಿಲ್ಲಲ್ಲ, ಇದು ನಮಗೆ ಗೊತ್ತು. ಆದರೆ ಕೂತ ಜಾಗದಿಂದ ಬಾಯಿ ಕಾಣೋದು ಚಪ್ಪಟೆ ಮೊಟ್ಟೆಯ ಹಾಗೆ, ತಳವೂ ಸ್ವಲ್ಪ ಬಾಗಿರುತ್ತೆ. ಮೇಷ್ಟ್ರು ತಿದ್ದಲಿಲ್ಲ. ಎದ್ದು ನಿಂತು ನೋಡಿ, ಆಮೇಲೆ ನೆಲದ ಮೇಲೆ ಕೂತು ನೋಡಿ ಅಂದರು, ಅಷ್ಟೇ. ಕಣ್ಣಿನ ಮಟ್ಟ ಇಳಿದಂತೆ ಆ ಮೊಟ್ಟೆ ಸಣ್ಣದಾಗ್ತಾ ಆಗ್ತಾ ಬರೀ ಗೆರೆಯಾಯ್ತು.

ಹನ್ನೆರಡು ಜನರಲ್ಲಿ ಮೂರನೇ ವಾರಕ್ಕೆ ಐದು ಜನ ಉಳಿದಿದ್ದೆವು. ಬಿಟ್ಟುಹೋದವರಲ್ಲಿ ಒಬ್ಬರು, ಚೊಂಬು ಬರೆಯೋಕೆ ಇಷ್ಟು ಫೀಸಾ ಅಂತ ಕೇಳಿಯೇ ಹೋದರು. ಮೇಷ್ಟ್ರು ನಕ್ಕು ಉಳಿದ ದುಡ್ಡು ವಾಪಸ್ ಕೊಟ್ಟರು. ಮುಂದಿನ ತಿಂಗಳು ಅಕ್ಕನ ಮಗಳನ್ನೂ ಸೇರಿಸಬೇಕು ಅಂತಿದ್ದೀನಿ. ತಿಂಗಳ ಕೊನೆಗೆ ಮನೆಗೆ ತರೋದು ಒಂದು ವಾರೆ ಚೊಂಬು ಮಾತ್ರ ಅಂತ ಅಕ್ಕನಿಗೆ ಇನ್ನೂ ಹೇಳಿಲ್ಲ.