ಇಕ್ಬಾಲನ ಗೆಲುವು, ಕುರುಡುಮಲೆಯ ಕೆರೆಯಂಗಳ

ನಾಗೇಶ್ ಕುಕುನೂರ್ ನಿರ್ದೇಶನದ ‘ಇಕ್ಬಾಲ್’ ಹಿಂದಿ ಚಿತ್ರ ತೆರೆ ಕಂಡದ್ದು 2005ರಲ್ಲಿ. ಇಪ್ಪತ್ತು ವರ್ಷ ಕಳೆದರೂ ಕ್ರಿಕೆಟ್ ಆಡುವ ಹಳ್ಳಿ ಹುಡುಗರ ಮಾತು ಬಂದಾಗಲೆಲ್ಲ ಈ ಚಿತ್ರದ ಹೆಸರು ಬಂದೇ ಬರುತ್ತದೆ. ಈಚೆಗೆ ನಾವು ಅದನ್ನು ಮತ್ತೊಮ್ಮೆ ನೋಡಿದೆವು. ಈ ಸಲ ಮುಳಬಾಗಿಲು ತಾಲೂಕಿನ ಕುರುಡುಮಲೆ ಕಡೆಯ ನಾಲ್ಕೈದು ಹುಡುಗರ ಜೊತೆ ಕೂತು, ಒಂದೇ ಮೊಬೈಲಿನಲ್ಲಿ. ಚಿತ್ರ ಮುಗಿದಾಗ ಅವರಲ್ಲೊಬ್ಬ ಕೇಳಿದ: “ಸಾರ್, ಇವನು ಯಾವ ಕ್ಲಬ್ಬಿಗೆ ಆಡ್ತಿದ್ದ?”

ಚಿತ್ರ ಬಂದಾಗ ಓದಿದ ವಿಮರ್ಶೆಗಳಲ್ಲಿ ಈ ಪ್ರಶ್ನೆ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ನಮಗೂ ಹೊಳೆದಿರಲಿಲ್ಲ. ಆದರೆ ಚಿತ್ರದ ಸತ್ವವನ್ನೂ ಕೊರತೆಯನ್ನೂ ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ ಎಂದು ಈಗ ಅನ್ನಿಸುತ್ತಿದೆ.

ಕತೆ ಹಲವರಿಗೆ ಗೊತ್ತಿದ್ದದ್ದೇ. ಕಿವಿ ಕೇಳಿಸದ, ಮಾತು ಬಾರದ ಹುಡುಗ ಇಕ್ಬಾಲ್. ವೇಗದ ಬೌಲರ್ ಆಗಬೇಕೆಂಬುದು ಅವನ ಹಂಬಲ. ಇದು ಸಮಯ ಹಾಳು ಮಾಡುವ ಕೆಲಸವೆಂದು ರೈತನಾದ ತಂದೆಯ ನಂಬಿಕೆ. ತಂಗಿ ಖದೀಜಾ ಅವನ ಕಿವಿಯೂ ಬಾಯಿಯೂ ಆಗಿ ಅಕಾಡೆಮಿಗೆ ಸೇರಿಸುತ್ತಾಳೆ. ಅಕಾಡೆಮಿಯ ಗುರೂಜಿಯ ಪಾತ್ರದಲ್ಲಿ ನಮ್ಮ ಗಿರೀಶ್ ಕಾರ್ನಾಡರು. ಸಿರಿವಂತರ ಮಗನೊಬ್ಬನ ಜೊತೆಗಿನ ಜಗಳದಲ್ಲಿ ಇಕ್ಬಾಲ್ ಹೊರಬೀಳುತ್ತಾನೆ. ಕುಡಿತಕ್ಕೆ ಬಿದ್ದ ಹಳೆಯ ಆಟಗಾರ ಮೋಹಿತ್ ಅವನಿಗೆ ಉಸ್ತಾದನಾಗುತ್ತಾನೆ. ಫೀಲ್ಡಿಂಗಿಗೆ ಜನವಿಲ್ಲದ್ದರಿಂದ ಎಮ್ಮೆಗಳೇ ಫೀಲ್ಡರುಗಳು. ಅಲ್ಲಿಂದ ಆಂಧ್ರದ ರಣಜಿ ತಂಡ, ಆಮೇಲೆ ಭಾರತದ ತಂಡ. ಶ್ರೇಯಸ್ ತಲ್ಪಡೆ ಒಂದು ಮಾತನ್ನೂ ಆಡದೆ ಪಾತ್ರವನ್ನು ಗೆಲ್ಲಿಸಿದರು. ಮೋಹಿತನ ಪಾತ್ರಕ್ಕಾಗಿ ನಾಸಿರುದ್ದೀನ್ ಶಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಮೊದಲು ಮೆಚ್ಚುಗೆಯ ಮಾತು. ಈ ಚಿತ್ರ ಇಕ್ಬಾಲನ ಹೆಸರನ್ನು ಒಂದು ಸಮಸ್ಯೆಯಾಗಿ ನೋಡುವುದಿಲ್ಲ. ಅವನ ದೇಶಪ್ರೇಮಕ್ಕೆ ಸಾಕ್ಷಿ ಕೇಳುವುದಿಲ್ಲ. ಇದರ ಬೆಲೆ ನಮ್ಮ ತಲೆಮಾರಿಗೆ ಗೊತ್ತು. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್. ಭಾರತ 39 ರನ್ನುಗಳಿಂದ ಪಾಕಿಸ್ತಾನವನ್ನು ಸೋಲಿಸಿತು. ಆಮೀರ್ ಸೊಹೈಲ್ ಫೋರ್ ಹೊಡೆದು ಬೆರಳು ತೋರಿಸಿದ ಮರುಚೆಂಡಿಗೇ ವೆಂಕಟೇಶ್ ಪ್ರಸಾದ್ ಅವರ ಸ್ಟಂಪ್ ಹಾರಿಸಿದಾಗ ಪ್ರೌಢಶಾಲೆಯ ಹುಡುಗರಾಗಿದ್ದ ನಾವು ಮೊಹಲ್ಲಾದ ಏಕೈಕ ಕಲರ್ ಟಿ.ವಿ.ಯ ಮುಂದೆ ಕುಣಿದಾಡಿದ್ದೆವು. ಬೆಳಿಗ್ಗೆ ಹಾಲಿಗೆ ಹೋದಾಗ ಅಂಗಡಿಯವರು ನಗುತ್ತಲೇ ಅಂದರು: “ಏನಪ್ಪಾ, ನಿಮ್ಮೋರು ಸೋತೋದ್ರಲ್ಲ!” ಅದರಲ್ಲಿ ದ್ವೇಷವಿರಲಿಲ್ಲ. ಆದರೂ ಆ ಮಾತು ಇನ್ನೂ ಕಿವಿಯಲ್ಲಿದೆ. ಅಂಥ ಪ್ರಶ್ನೆಯೇ ಇಲ್ಲದ ಲೋಕವನ್ನು ಕುಕುನೂರ್ ಎರಡು ಗಂಟೆ ಕಟ್ಟಿಕೊಟ್ಟರು. ಅದು ಸಣ್ಣ ಕೆಲಸವಲ್ಲ.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಚಿತ್ರದಲ್ಲಿ ಇಕ್ಬಾಲನಿಗೆ ಕ್ಲಬ್ ಇಲ್ಲ. ಹೊಲವಿದೆ, ಅಕಾಡೆಮಿಯಿದೆ, ಆಮೇಲೆ ನೇರವಾಗಿ ರಣಜಿಯಿದೆ. ನಡುವಿನ ಏಣಿಯೇ ಮಾಯ. ನಿಜಜೀವನದಲ್ಲಿ ಆಗುವುದು ಹಾಗಲ್ಲ. ನಮ್ಮ ರಾಜ್ಯದಲ್ಲಿ ಕೆಎಸ್‌ಸಿಎ ಬೆಂಗಳೂರಿನ ಕ್ಲಬ್‌ಗಳಿಗೆ ಡಿವಿಷನ್‌ಗಳ ಲೀಗ್ ನಡೆಸುತ್ತದೆ. ಹೊರಜಿಲ್ಲೆಗಳನ್ನು ವಲಯಗಳಾಗಿ ವಿಂಗಡಿಸಿದೆ. ಕಿರಿಯರ ಆಯ್ಕೆ ಇಂಥ ಪಂದ್ಯಗಳ ಮೂಲಕವೇ ಸಾಗಬೇಕು. ಹದಿನಾರರೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, ಹತ್ತೊಂಬತ್ತರೊಳಗಿನವರಿಗೆ ಕೂಚ್ ಬೆಹಾರ್ ಟ್ರೋಫಿ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ನಡೆದ ಕೂಚ್ ಬೆಹಾರ್ ಫೈನಲ್‌ನಲ್ಲಿ ಪ್ರಖರ್ ಚತುರ್ವೇದಿ ಮುಂಬಯಿ ವಿರುದ್ಧ ಔಟಾಗದೆ 404 ರನ್ ಹೊಡೆದಾಗ ನಾಡೆಲ್ಲ ಬೆರಗಾಯಿತು. ಆದರೆ ಅಂಥ ಒಂದು ಇನ್ನಿಂಗ್ಸಿನ ಹಿಂದೆ ಎಷ್ಟು ಭಾನುವಾರಗಳ ಕ್ಲಬ್ ಆಟವಿರುತ್ತದೆ, ಎಷ್ಟು ತಂದೆಯರ ಪೆಟ್ರೋಲ್ ಖರ್ಚಿರುತ್ತದೆ ಎಂಬುದು ಯಾವ ಪತ್ರಿಕೆಯ ಸುದ್ದಿಯೂ ಆಗುವುದಿಲ್ಲ.

ನಮಗೂ ಒಂದು ತಂಡವಿತ್ತು. ಉರ್ದು ಶಾಲೆ ಮುಗಿಸಿ ಕನ್ನಡ ಹೈಸ್ಕೂಲಿಗೆ ಬಂದವರು, ತೆಲುಗು ಮನೆಮಾತಿನವರು, ದಲಿತ ಕೇರಿಯವರು, ಒಕ್ಕಲಿಗರ ಹುಡುಗರು ಎಲ್ಲರೂ ಅದರಲ್ಲಿದ್ದರು. ಮೈದಾನವೆಂದರೆ ಒಣಗಿದ ಕೆರೆಯಂಗಳ. ಟೆನಿಸ್ ಬಾಲಿನಲ್ಲಿ ಆಟ, ಬೆಟ್ಟಿಗೆ ಹಣ ಕೂಡಿದರೆ ಕಾರ್ಕ್ ಬಾಲಿನಲ್ಲಿ. ಸ್ಕೋರ್ ಬರೆಯುವ ಕೆಲಸ ನಮ್ಮದು. ಅವಸರದಲ್ಲಿ ಒಮ್ಮೆ ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಬರೆದು ಗೆದ್ದ ಪಂದ್ಯಕ್ಕೆ ತಕರಾರು ಎದ್ದಿತ್ತು. ಆಮೇಲೆ ಎಲ್ಲರೂ ಓದುವ ಹಾಗೆ ಕನ್ನಡದಲ್ಲೇ ಬರೆದೆವು. ನಮ್ಮಲ್ಲಿ ಎಡಗೈ ವೇಗಿಯೊಬ್ಬನಿದ್ದ. ನಸುಕಿನಲ್ಲಿ ಟೊಮೆಟೊ ಬಾಕ್ಸುಗಳನ್ನು ಲಾರಿಗೆ ತುಂಬಿ ಆಮೇಲೆ ಶಾಲೆಗೆ ಬರುತ್ತಿದ್ದ. ಒಮ್ಮೆ ಯಾರದೋ ಬೂಟು ಕೇಳಿ ಹಾಕಿಕೊಂಡು, ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಆಯ್ಕೆಗೆಂದು ಹೋದ. ಅಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ, “ಯಾವ ಕ್ಲಬ್ಬು?” ಇವನು ಊರಿನ ಹೆಸರು ಹೇಳಿದ. ಲೆದರ್ ಬಾಲನ್ನು ಅವನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಆ ದಿನವೇ. ಆರು ಎಸೆತ ಹಾಕಿಸಿ ಕಳಿಸಿಬಿಟ್ಟರು. ಹಾಕಿಸಿದವರದು ತಪ್ಪೆಂದು ನಾವು ಹೇಳುವುದಿಲ್ಲ. ಟೆನಿಸ್ ಬಾಲಿಗೆ ಒಗ್ಗಿದ ಮಣಿಕಟ್ಟು ಆರು ಎಸೆತಗಳಲ್ಲಿ ಲೆದರ್ ಬಾಲಿನ ಹೊಲಿಗೆಯನ್ನು ಅರಿಯಲಾರದು. ಅದಕ್ಕೆ ವರ್ಷಗಳು ಬೇಕು. ಆ ವರ್ಷಗಳನ್ನು ಕೊಡಬೇಕಾದದ್ದು ಕ್ಲಬ್ಬು. ಅದೇ ನಮ್ಮಲ್ಲಿ ಇರಲಿಲ್ಲ.

ಈ ಕೆರೆಯಂಗಳದ ಕತೆಗೆ ಇನ್ನೊಂದು ತಿರುವಿದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. 2021ರ ಮಳೆಗೆ ವರ್ಷಗಟ್ಟಲೆ ಒಣಗಿದ್ದ ಎಷ್ಟೋ ಕೆರೆಗಳು ಕೋಡಿ ಹರಿದವು. ನೀರು ಬಂದದ್ದಕ್ಕೆ ಕಣ್ಣೀರು ಹಾಕುವ ರೈತನ ಮಗ ಎಲ್ಲಾದರೂ ಇದ್ದಾನೆಯೇ? ಆದರೆ ನೀರು ನಿಂತಲ್ಲಿ ಪಿಚ್ಚು ಮುಳುಗಿತು. ನಮ್ಮ ಕ್ರಿಕೆಟ್ ಇಷ್ಟು ವರ್ಷ ನಿಂತದ್ದು ಬರಗಾಲದ ಮೇಲೆ ಎಂಬುದು ಆಗ ತಿಳಿಯಿತು. ಮಳೆ ಬಂದರೆ ಮಾಯವಾಗುವ ಮೈದಾನವನ್ನು ನಂಬಿ ಯಾವ ಕ್ಲಬ್ ಬೆಳೆದೀತು?

ಚಿತ್ರದ ಎರಡನೆಯ ಕೊರತೆ ಆಮಿಷದ ಪ್ರಸಂಗದಲ್ಲಿದೆ. ಕೊನೆಯ ಪಂದ್ಯದಲ್ಲಿ ಕೆಟ್ಟದಾಗಿ ಬೌಲ್ ಮಾಡಲು ಗುರೂಜಿ ಇಕ್ಬಾಲನಿಗೆ ಹಣ ಒಡ್ಡುತ್ತಾರೆ. ಮನೆಯ ಕಷ್ಟ ಅವನನ್ನು ಒಪ್ಪಿಸುತ್ತದೆ. ಅವನನ್ನು ಪಾರು ಮಾಡುವುದು ಮನಸ್ಸಾಕ್ಷಿಯಷ್ಟೇ ಅಲ್ಲ, ಇನ್ನೂ ಹೆಚ್ಚು ಹಣದ ಒಪ್ಪಂದ ತರುವ ಏಜೆಂಟ್! ಪರೀಕ್ಷೆ ಬಡವನಿಗೆ, ಬಿಡುಗಡೆ ಮಾರುಕಟ್ಟೆಯಿಂದ. ನಮ್ಮ ರಾಜ್ಯದಲ್ಲಿ ನಡೆದದ್ದು ಬೇರೆ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್ 2019ರಲ್ಲಿ ಫಿಕ್ಸಿಂಗ್ ಆರೋಪಕ್ಕೆ ಸಿಕ್ಕಿತು. ಪೊಲೀಸರು ಬಂಧಿಸಿದವರಲ್ಲಿ ತಂಡವೊಂದರ ಮಾಲೀಕರಿದ್ದರು, ರಾಜ್ಯಕ್ಕೆ ಆಡಿದವರಿದ್ದರು. ಎಮ್ಮೆ ಕಾಯುವ ಹುಡುಗ ಅಲ್ಲಿರಲಿಲ್ಲ. 2022ರಲ್ಲಿ ಹೈಕೋರ್ಟ್, ಪಂದ್ಯ ಫಿಕ್ಸ್ ಮಾಡುವುದು ದಂಡಸಂಹಿತೆಯ 420ನೇ ಕಲಮಿನ ವಂಚನೆಯಾಗದು, ಶಿಸ್ತುಕ್ರಮ ಬಿಸಿಸಿಐಗೆ ಬಿಟ್ಟದ್ದು ಎಂದು ಮೊಕದ್ದಮೆಯನ್ನು ರದ್ದುಪಡಿಸಿತು. ಅದೇ ವರ್ಷ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಆಟ ಶುರುವಾಯಿತು. ಆ ಲೀಗಿನಲ್ಲಿಯೂ ಈ ಲೀಗಿನಲ್ಲಿಯೂ ಕೋಲಾರದ ಹೆಸರಿನ ತಂಡವಿಲ್ಲ.

ಇನ್ನು ಖದೀಜಾ. ಇಡೀ ಚಿತ್ರದಲ್ಲಿ ಆಟವನ್ನು ಅಣ್ಣನಷ್ಟೇ ಬಲ್ಲವಳು ಅವಳು. ಅವಳಿಲ್ಲದೆ ಇಕ್ಬಾಲ್ ಇಲ್ಲ. ಆದರೆ “ನೀನೂ ಒಂದು ಬಾಲ್ ಹಾಕು” ಎಂದು ಅವಳಿಗೆ ಯಾರೂ ಹೇಳುವುದಿಲ್ಲ, ನಿರ್ದೇಶಕರೂ ಸಹ. ಅದೇ ಕಾಲದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ್ ಬೆಳೆಯುತ್ತಿದ್ದರು. ಇಬ್ಬರೂ ಭಾರತಕ್ಕೆ ಆಡಿದರು. 2025ರ ನವೆಂಬರಿನಲ್ಲಿ ಭಾರತದ ಮಹಿಳೆಯರು ವಿಶ್ವಕಪ್ಪನ್ನೇ ಗೆದ್ದರು. ನಮ್ಮ ಮೊಹಲ್ಲಾಗಳ ಖದೀಜಾರು ಇನ್ನೂ ಬೌಂಡರಿ ಗೆರೆಯಾಚೆ ನಿಂತು ಅಣ್ಣಂದಿರ ಸ್ಕೋರ್ ಎಣಿಸುತ್ತಿದ್ದಾರೆ. ಇದಕ್ಕೆ ಕೆಎಸ್‌ಸಿಎಯನ್ನು ದೂರುವ ಮೊದಲು ನಮ್ಮ ಮನೆಗಳನ್ನು ಕೇಳಿಕೊಳ್ಳಬೇಕಲ್ಲವೇ?

ಪ್ರತಿಭೆ ಇದ್ದವರು ಹೇಗಾದರೂ ಮೇಲೆ ಬರುತ್ತಾರೆ ಎನ್ನುವವರುಂಟು. ಕೈಗವಸಿಲ್ಲದೆ ಇಟ್ಟಿಗೆ ಹಿಡಿದು ವಿಕೆಟ್ ಕೀಪಿಂಗ್ ಕಲಿತ ಸಯ್ಯದ್ ಕಿರ್ಮಾನಿ 88 ಟೆಸ್ಟ್ ಆಡಿದರು. ಸುನಿಲ್ ಜೋಷಿ ಗದಗದಿಂದ ಹುಬ್ಬಳ್ಳಿಗೆ ದಿನವೂ ಪ್ರಯಾಣ ಮಾಡಿ ಅಭ್ಯಾಸ ಮಾಡಿದರು. ದಾವಣಗೆರೆಯ ವಿನಯ್ ಕುಮಾರ್ ಕರ್ನಾಟಕದ ನಾಯಕರಾಗಿ 2013-14 ಮತ್ತು 2014-15ರ ಎರಡು ರಣಜಿ ಟ್ರೋಫಿಗಳನ್ನು ತಂದರು. ಇವೆಲ್ಲ ನಿಜ. ಆದರೆ ಗದಗದ ಹುಡುಗನಿಗೆ ಹುಬ್ಬಳ್ಳಿಯಿತ್ತು. ಮೇಲಾಗಿ ಕ್ಲಬ್ ಇರುವುದು ಮೇಲೆ ಹೋಗುವ ಒಬ್ಬನಿಗಾಗಿ ಮಾತ್ರವಲ್ಲ, ಹೋಗದ ಹತ್ತು ಜನರಿಗಾಗಿ. ಸೋತ ಮೇಲೂ ಮುಂದಿನ ಭಾನುವಾರ ಮತ್ತೆ ಬರಬಹುದಾದ ಜಾಗ ಅದು. ‘ಇಕ್ಬಾಲ್’ ಆ ಒಬ್ಬನನ್ನು ತೋರಿಸಿತು, ಹತ್ತು ಜನರ ಜಾಗಕ್ಕೆ ಎಮ್ಮೆಗಳನ್ನು ನಿಲ್ಲಿಸಿತು.

ನಮ್ಮ ಎಡಗೈ ವೇಗಿಗೆ ಈಗ ನಲವತ್ತು ದಾಟಿದೆ. ಮೊಬೈಲಿನಲ್ಲಿ ಚಿತ್ರ ನೋಡಿದ ಹುಡುಗರು ಅವನ ಕೈಯಲ್ಲೇ ಕಲಿಯುತ್ತಿರುವವರು. ಕೆರೆಯಲ್ಲಿ ನೀರಿರುವುದರಿಂದ ಬೆಳೆ ಕೊಯ್ದ ಯಾರದೋ ಹೊಲದಲ್ಲಿ, ಮಾಲೀಕರನ್ನು ಕೇಳಿ, ಮತ್ತೆ ಉಳುವವರೆಗೆ ಆಟ. ಒಂದು ಹಳೆಯ ಲೆದರ್ ಬಾಲ್ ಸರದಿಯಲ್ಲಿ ಎಲ್ಲರ ಕೈಗೂ ಬರುತ್ತದೆ.

ಕುರುಡುಮಲೆಯ ಗಣಪನಿಗೆ ಪೂಜೆ ಮಾಡಿಸಿ ಚುನಾವಣಾ ಪ್ರಚಾರ ಆರಂಭಿಸುವುದು ನಮ್ಮ ರಾಜಕಾರಣಿಗಳ ಹಳೆಯ ವಾಡಿಕೆ. ಎಲ್ಲ ಪಕ್ಷದವರೂ ಬರುತ್ತಾರೆ. ಮುಂದಿನ ಸಲ ಬಂದವರ ಮುಂದೆ ಊರಿನ ಎಲ್ಲ ಕೇರಿಯವರೂ ಒಟ್ಟಾಗಿ ನಿಂತು ಕೇಳಬೇಕಾದದ್ದು ದೊಡ್ಡದೇನಲ್ಲ. ಕೆರೆಯಾಚೆ ಎರಡು ಎಕರೆ ಜಾಗ, ಒಂದು ಮ್ಯಾಟು, ಒಂದು ನೆಟ್ಟು, ಹೆಣ್ಣುಮಕ್ಕಳಿಗೂ ಬಾಗಿಲಿರುವ ಒಂದು ಕೋಣೆ. ಆಗ ಬೆಂಗಳೂರಿನಲ್ಲಿ ಯಾರಾದರೂ “ಯಾವ ಕ್ಲಬ್ಬು?” ಎಂದು ಕೇಳಿದರೆ ನಮ್ಮ ಹುಡುಗ ಊರಿನ ಹೆಸರನ್ನೇ ಹೇಳಿಯಾನು. ಆ ಉತ್ತರಕ್ಕೆ ಆಗ ಅರ್ಥವಿರುತ್ತದೆ.